ನಮ್ಮ ವಂಶದ ಕಿವಿ

ಮರಳೂರು, ತುಮಕೂರು
೧೧ ನವೆಂಬರ್ ೨೦೨೪, ಸೋಮವಾರ

ಪ್ರೀತಿಯ ನಾಗೇಶಣ್ಣಾ,

ಹೇಗಿದ್ದೀಯ? ಎಡಗಿವಿಯೊಳಗಿನ ಆ ಸಿಳ್ಳೆ ಈಗಲಾದರೂ ಮಲಗಲು ಬಿಡುತ್ತಿದೆಯೇ? ಅಲ್ಲಿ ಚಳಿ ಶುರುವಾಗಿರಬೇಕು, ತಲೆಗೆ ಏನಾದರೂ ಸುತ್ತಿಕೊ. ಅಮ್ಮ ಕಳಿಸಿದ ಹುರಿಹಿಟ್ಟು ತಲುಪಿತೇ? ಇಲ್ಲಿ ಎಲ್ಲರೂ ಪರವಾಗಿಲ್ಲ, ನನಗೆ ಮಾತ್ರ ಸುಸ್ತು. ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಿ ನೀನು ಅರ್ಧ ಕೇಳಿಸಿಕೊಂಡು ಉಳಿದರ್ಧಕ್ಕೆ "ಹೂಂ ಹೂಂ, ಆಯ್ತು ಬುಡು" ಅಂದುಬಿಡುತ್ತೀಯ. ಓದುವುದಕ್ಕೆ ಕಿವಿ ಬೇಕಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವಾರ ಶಿಲ್ಪಾ ಅತ್ತಿಗೆಗೆ ನೀನು ನಗುತ್ತಾ ಹೇಳಿದ್ದನ್ನು ಅವಳು ನನಗೆ ಅಳುತ್ತಾ ಹೇಳಿದಳು. ವರ್ಷದ ತಪಾಸಣೆಯಲ್ಲಿ ನಿಮ್ಮ ಮಿಲಿಟರಿ ಡಾಕ್ಟರು ಎಡಗಿವಿ ಮಂದವಾಗಿದೆ, ಯಾವಾಗಿನಿಂದ ಎಂದು ಕೇಳಿದರಂತೆ. ನೀನು "ನಮ್ಮಪ್ಪಂಗೂ ಹಿಂಗೇ ಸಾರ್, ನಮ್ದು ವಂಶದ ಕಿವಿ" ಅಂದೆಯಂತೆ. ಅವರು ಹಾಗೇ ಬರೆದುಕೊಂಡರು. ಮುಂದಿನ ತಿಂಗಳು ದೊಡ್ಡ ಆಸ್ಪತ್ರೆಯಲ್ಲಿ ಇನ್ನೊಮ್ಮೆ ನೋಡಿ ಅದನ್ನೇ ಖಾಯಂ ಮಾಡುತ್ತಾರೆ. ಹೀಗಂದರೆ ಪ್ರಶ್ನೆ ಬೆಳೆಯುವುದಿಲ್ಲ, ಫಿರಂಗಿಯ ಪಕ್ಕದಲ್ಲೇ ಉಳಿಯಬಹುದು ಎಂದು ನಿನ್ನ ಎಣಿಕೆ. ಉಳಿದು ಬಲಗಿವಿಯನ್ನೂ ಕೊಟ್ಟು ಬರುತ್ತೀಯಾ?

"ಶುರು ಮಾಡ್ಕಂಡ್ಲು ಕರಪತ್ರದ ಕಾಮ್ರೇಡು" ಅನ್ನಬೇಡ. ಹೌದು, ನಾನು ಕಾಲೇಜಿನಲ್ಲಿ ಕಲಿತವಳಲ್ಲ, ಬಸ್‌ಸ್ಟ್ಯಾಂಡಿನಲ್ಲಿ ಹಂಚಿದ್ದನ್ನು ಓದಿ ಕಲಿತವಳು. ಆದರೆ ಒಂದು ಮಾತು ನನಗೆ ಚೆನ್ನಾಗಿ ಅರ್ಥವಾಗಿದೆ. ಕಾಯಿಲೆ ಬರುವುದು ಬೇರೆ, ಅದಕ್ಕೆ ಹೆಸರಿಡುವುದು ಬೇರೆ. ವಂಶದ್ದು ಎಂದರೆ ಅದು ನಮ್ಮೊಂದು ಮನೆಯ ಕಥೆಯಾಗಿ ಮುಗಿಯಿತು. ಸೇವೆಯಲ್ಲಿ ಬಂದದ್ದು ಎಂದರೆ ಎಣಿಸಬೇಕಾಗುತ್ತದೆ: ಯಾವ ದಳದಲ್ಲಿ, ಎಷ್ಟು ಜನರಿಗೆ, ಯಾವ ಫಿರಂಗಿಯ ಹತ್ತಿರ. ಎಣಿಸಿದರೆ ತಾನೇ ನಿನ್ನ ಹಿಂದೆ ಬರುವ ಹುಡುಗರ ಕಿವಿ ಉಳಿಸಬೇಕೆಂದು ಯಾರಿಗಾದರೂ ಹೊಳೆಯುವುದು!

ಆ ಸಿಟ್ಟಿನಲ್ಲೇ ಮಾಜಿ ಸೈನಿಕರ ಮನೆಗಳಿಗೆ ಹೊರಟೆ, ನಾಲ್ಕು ಜನ ನಿಜ ಹೇಳಿದರೆ ನಿನಗೂ ಧೈರ್ಯ ಬರಬಹುದೆಂದು. ಗುಬ್ಬಿಯಲ್ಲಿ ಟೈಲರ್ ಅಂಗಡಿ ಇಟ್ಟಿರುವ ರಹಮತ್ ಉಲ್ಲಾ ಚಿಕ್ಕಪ್ಪ, ಮಿಲಿಟರಿಯಲ್ಲಿ ಅಪ್ಪನ ಜೊತೆ ಒಂದೇ ಫಿರಂಗಿಗೆ ದುಡಿದವರು, "ನನ್ ಕಿವಿ ಸೂಪರ್ರಾಗೈತೆ ಕಣವ್ವಾ!" ಎಂದು ಕೂಗಿದ ಕೂಗಿಗೆ ಎದುರಿನ ಟೀ ಅಂಗಡಿಯವರೆಲ್ಲ ತಿರುಗಿದರು. ಒಳಗಿನಿಂದ ಬೀಬಿಜಾನ್ ಚಿಕ್ಕಮ್ಮ, "ಅವ್ರ ಕಿವಿ ನಾನೇ ಕಣಮ್ಮ, ಅದಕ್ಕೇ ಸೂಪರ್ರಾಗೈತೆ" ಅಂದರು. ಕುಣಿಗಲ್ಲಿಗೆ ಹೋಗಿ ಅಲ್ಲಿಂದ ಹುತ್ರಿದುರ್ಗಕ್ಕೆ ಹೋದರೆ, ಅಂಜನಮೂರ್ತಿಯವರಿಗೆ ನಾನು ಬಾಗಿಲು ಬಡಿದದ್ದು ಕೇಳಿಸಲಿಲ್ಲ, ನಾಯಿ ಎದ್ದದ್ದು ನೋಡಿ ಹೊರಗೆ ಬಂದರು. ಅವರೂ ಫಿಟ್ಟಂತೆ. ಕೆಮ್ಮಿದರೂ, ಕುಂಟಿದರೂ, ಕೇಳಿಸದಿದ್ದರೂ ಫಿಟ್ಟು. ಈ ಒಂದು ಪದವನ್ನು ನಿಮಗೆಲ್ಲ ಯಾರು ಹೀಗೆ ಕಲಿಸಿದರೋ. ವಾಪಸ್ ಬರುವ ಬಸ್ಸಿನಲ್ಲಿ ನನಗೆ ಜಗಳಕ್ಕೂ ತ್ರಾಣ ಇರಲಿಲ್ಲ.

ಮನೆಗೆ ಬಂದರೆ ಅತ್ತಿಗೆ ತೊಟ್ಟಿಲ ಹಿಂದೆ ನಿಂತು ಸ್ಟೀಲ್ ತಟ್ಟೆ ಬಡಿಯುತ್ತಿದ್ದಾಳೆ! ವಂಶದ ಕಿವಿ ಎಂದರೆ ನಿನ್ನ ಪುಟ್ಟಿಗೂ ಬಂದಿರಬೇಕಲ್ಲ ಎಂದು ಅವಳ ಭಯ. ಮಗು ಒಮ್ಮೆ ತಿರುಗುತ್ತದೆ, ಬೇಸರ ಬಂದು ಇನ್ನೊಮ್ಮೆ ತಿರುಗುವುದಿಲ್ಲ, ಇವಳಿಗೆ ಕಣ್ಣಲ್ಲಿ ನೀರು. ಮಾರನೆಯ ದಿನ ಇಲ್ಲಿನ ಆಸ್ಪತ್ರೆಗೆ ಕರೆದೊಯ್ದೆವು. ಅಪ್ಪ, ಯಾರೂ ಕರೆಯದಿದ್ದರೂ, ಆಟೋ ಹತ್ತಿ ಕೂತ. ಪುಟ್ಟಿಯ ಎರಡೂ ಕಿವಿ ಚೆನ್ನಾಗಿವೆ, ನೀನು ನಿಶ್ಚಿಂತೆಯಿಂದಿರು. ಆದರೆ ಡಾಕ್ಟರಮ್ಮ, ಮನೆಯಲ್ಲಿ ಯಾರಿಗೆ ಹುಟ್ಟುಕಿವುಡು ಎಂದು ಬಿಡಿಸಿ ಬಿಡಿಸಿ ಕೇಳಿದಾಗ ಅತ್ತಿಗೆ ಅಪ್ಪನ ಮುಖ ನೋಡಿದಳು. ಅಪ್ಪ ಸ್ವಲ್ಪ ಹೊತ್ತು ಪುಟ್ಟಿಯ ಕಾಲ್ಬೆರಳು ಹಿಡಿದುಕೊಂಡಿದ್ದ. ಆಮೇಲೆ, "ವಂಶನೂ ಇಲ್ಲ ಎಂಥದೂ ಇಲ್ಲ ಕಣಮ್ಮ. ನಮ್ಮಪ್ಪ ಅಣ್ಣಯ್ಯಪ್ಪ ಸಾಯೋಗಂಟ ಜಗಲಿ ಮೇಲೆ ಮಲಗಿದ್ದೇ ಯಾವ್ ಮರದ್ ಕಾಯಿ ಬಿತ್ತು ಅಂತ ಹೇಳೋನು. ನನ್ ಕಿವಿ ತಿಂದಿದ್ದು ಗನ್ನು" ಅಂದ. ಅಪ್ಪನದು ವಂಶದ ಕಿವಿ ಎಂದು ಇಷ್ಟು ವರ್ಷ ಕೇಳಿಕೊಂಡು ಬಂದದ್ದು ಒಂದೇ ಮಾತಿನಲ್ಲಿ ಬಿದ್ದುಹೋಯಿತು.

ನಿನಗೆ ಇನ್ನು ಉಪದೇಶ ಮಾಡುವುದಿಲ್ಲ, ನಿಜಕ್ಕೂ ದಣಿದಿದ್ದೇನೆ. ಆ ಸಿಳ್ಳೆ ಯಾವ ಫಿರಂಗಿ ಅಭ್ಯಾಸದ ದಿನ ಶುರುವಾಯಿತು ಎಂದು ನಿನಗೆ ಗೊತ್ತಿದೆ. ಅದಷ್ಟನ್ನು ಹೇಳು. ಹನುಮಂತಮ್ಮತ್ತೆ ನಿನ್ನನ್ನು ಕೇಳಿದೆ ಎಂದು ಬರೆಯಲು ಹೇಳಿದಳು. ಪುಟ್ಟಿ ನಿನ್ನ ಫೋಟೋದ ಮೂಲೆ ಚೀಪಿ ನೆನೆಸಿದ್ದಾಳೆ, ಅದನ್ನೇ ಮುತ್ತು ಅಂದುಕೊ.

ನಿನ್ನ ತಂಗಿ,
ತೇಜಸ್ವಿನಿ

ಮರೆತ ಮಾತು: ಲಕೋಟೆ ಅಂಟಿಸುವಾಗ ಅಪ್ಪ ಅಡುಗೆಮನೆ ಕಡೆ ನೋಡಿ, ನನ್ನ ಹತ್ತಿರ ಬಗ್ಗಿ, "ಇದನ್ನೂ ಬರ್ಕೋ, ನಿಮ್ಮಮ್ಮಂಗೆ ಹೇಳ್ಬ್ಯಾಡ. ಗನ್ನಿಂದ ಕಿವುಡಾದೆ ಅಂದಿದ್ರೆ ಅವಳು ಅವ್ನನ್ನ ಮಿಲಿಟರಿಗೆ ಕಳಿಸ್ತಿರಲಿಲ್ಲ. ಅದಕ್ಕೇ ನಾನೇ ಕಟ್ಟಿದ ಸುಳ್ಳು ಅದು. ಆಸ್ಪತ್ರೆ ದಿನ ತಿಳಿಸು ಅನ್ನು, ನಾನೇ ಬಂದು ಡಾಕ್ಟ್ರಿಗೆ ಹೇಳ್ತೀನಿ" ಅಂದ. ಪಿಸುಗುಟ್ಟಿದೆ ಅಂದುಕೊಂಡಿದ್ದಾನೆ. ಇಡೀ ಬೀದಿಗೆ ಕೇಳಿಸಿದೆ. ಅಮ್ಮ ಆಗಿನಿಂದ ಅವನ ಜೊತೆ ಮಾತಾಡಿಲ್ಲ, ಅವನ ಪ್ರಯಾಣಕ್ಕೆ ರೊಟ್ಟಿ ಎಷ್ಟು ದಿನ ಕೆಡದೆ ಇರುತ್ತದೆ ಎಂದು ಮಾತ್ರ ನನ್ನನ್ನು ಕೇಳಿದಳು. ದಿನ ತಿಳಿಸು.