ನೀನು ಆರಿಸಿದ ಪ್ರೊಸೆಸರ್

ವರ್ಕ್‌ಶಾಪಿನ ಹಿಂದಿನ ಕೋಣೆ,
ಶುಕ್ರವಾರ, ಜೂನ್ ೧೪

ಅಣ್ಣಾ,

'ಪ್ರೀತಿಯ' ಎಂದು ಶುರು ಮಾಡಲು ಕೈ ಬರಲಿಲ್ಲ. ಆರೋಗ್ಯವಾಗಿದ್ದೀಯೆಂದು ನಂಬಿದ್ದೇನೆ, ನಿದ್ದೆಗೆಡಿಸುವುದನ್ನೆಲ್ಲ ನನ್ನ ತಲೆಗೆ ಕಟ್ಟಿ ಹೋದವನು ಚೆನ್ನಾಗಿಯೇ ಇರಬೇಕು. ಅಪ್ಪ ಹೇಗಿದ್ದಾರೆ ಎಂದು ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ: ಸೊಂಟದ ಮೂಳೆ ಮುರಿದುಕೊಂಡು ಮಲಗಿದ್ದಾರೆ.

ಪಾರ್ಶ್ವವಾಯು ಬಡಿದು ಅಪ್ಪನ ಮಾತು ನಿಂತ ಮೇಲೆ ತಾನೇ ನಾವಿಬ್ಬರೂ ಈ ಮಾತಾಡುವ ಟ್ಯಾಬ್ಲೆಟ್ ಮಾಡಲು ಕೂತದ್ದು? ಟೈಪ್ ಮಾಡಿದ್ದನ್ನು ಗಟ್ಟಿಯಾಗಿ ಓದಬೇಕು, ಜಾಹೀರಾತು ತೋರಿಸಬಾರದು, ಮನೆಯ ಮಾತು ಹೊರಗೆ ಸೋರಬಾರದು ಎಂದು, ಬೆರಳೆಣಿಕೆಯ ಜನ ಹವ್ಯಾಸಕ್ಕೆ ಬರೆದ ಆ ಪುಟ್ಟ ಆಪರೇಟಿಂಗ್ ಸಿಸ್ಟಂ ಹುಡುಕಿದ್ದು ನಾನು. ಪ್ರೊಸೆಸರ್ ಆರಿಸಿದ್ದು ನೀನು. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿರುವ ಬಗೆಯದೇ ಇರಲಿ, ಅದರ ಒಳಗುಟ್ಟೆಲ್ಲ ಎಲ್ಲರಿಗೂ ತಿಳಿದದ್ದು, ಈ ಸಿಸ್ಟಂ ಅದರ ಮೇಲೆ ಮುನಿಯದೆ ಓಡುತ್ತದೆ ಎಂದು ನಾನು ಬಡಕೊಂಡೆ. "ಇಟ್ಟಿಗೆ ಹೊತ್ತಂಗಿರುತ್ತೆ ಕಣೇ, ಮೇಲಿಂದ ಬಿಸಿ ಬೇರೆ. ನಿಂಗೆ ಹೊಸದು ಅಂದ್ರೆ ಆಗಲ್ಲ" ಅಂದೆ ನೀನು. ಫೋನಿಗೆ ಹಾಕುವ ತೆಳ್ಳನೆಯ ಚಿಪ್ ನೀನು ತಂದೆ. ಅದನ್ನು ನಡೆಸುವ ಕೋಡನ್ನು ಕಂಪನಿಯವರು ಕೊಟ್ಟೇ ಕೊಡುತ್ತಾರೆಂದು ಆಣೆ ಇಟ್ಟೆ. ಅವರು ಕೋಡ್ ಕೊಡಲಿಲ್ಲ. ನಿನಗೆ ಕೆಲಸ ಕೊಟ್ಟರು.

ಕೋಡ್ ಇಲ್ಲದೆ ನಾನು ಊಹೆಯ ಮೇಲೆ ತೇಪೆ ಹಾಕುತ್ತ ಹೋದೆ. ಸ್ಕ್ರೀನ್ ಒಮ್ಮೆ ಆರಿದರೆ ಕೆಲವು ಸಲ ಏಳುತ್ತಲೇ ಇರಲಿಲ್ಲ. ನಿನಗೆ ಫೋನ್ ಮಾಡಿದರೆ, "ಅದು ನಮ್ ಡಿಪಾರ್ಟ್‌ಮೆಂಟ್ ಅಲ್ಲಮ್ಮ" ಅಂದೆ. ಅಷ್ಟು ಬೇಗ ಅವರು 'ನಮ್' ಆಗಿಬಿಟ್ಟರಾ? ಕಳೆದ ತಿಂಗಳು ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದರು. ಕೊರಳಿಗೆ ನೇತುಹಾಕಿಕೊಂಡಿದ್ದ ಟ್ಯಾಬ್ಲೆಟ್ಟನ್ನು ಒತ್ತಿದರು, ಒತ್ತಿದರು, ಅದು ಏಳಲಿಲ್ಲ. ಕೊನೆಗೆ ಅದರಿಂದಲೇ ಗೋಡೆಗೆ ಬಡಿದರು. ನಾನು ಮುಂದಿನ ಕೋಣೆಯಲ್ಲಿ ಬೆಸುಗೆ ಹಾಕುತ್ತ, ಪಕ್ಕದ ಮನೆಯವರು ಮೊಳೆ ಹೊಡೆಯುತ್ತಿದ್ದಾರೆ ಅಂದುಕೊಂಡು ಕೂತಿದ್ದೆ.

ಆಮೇಲೆ ನಿನ್ನ ಚಿಪ್ ಇದ್ದ ಬೋರ್ಡುಗಳನ್ನೆಲ್ಲ ಕಿತ್ತೆಸೆದೆ. ಹಳೆಯ ಬಗೆಯ ಪ್ರೊಸೆಸರ್ ಹಾಕಿ ಹೊಸದು ಕಟ್ಟಿದ್ದೇನೆ. ದಪ್ಪ, ಭಾರ, ಬೆನ್ನು ಸುಡುತ್ತದೆ. ಬ್ಯಾಟರಿ ಸಂಜೆಯವರೆಗೂ ಬಾಳುವುದಿಲ್ಲ. ಆದರೆ ಮುಟ್ಟಿದೊಡನೆ ಏಳುತ್ತದೆ. ಅಪ್ಪ ಎದೆಯ ಮೇಲೆ ಇಟ್ಟುಕೊಂಡು "ಚಳಿಗೂ ಆಯ್ತು" ಎಂದು ಟೈಪ್ ಮಾಡಿ, ಬಿದ್ದ ಮೇಲೆ ಮೊದಲ ಸಲ ನಕ್ಕರು.

ಅತ್ತಿಗೆಗೆ ನನ್ನ ಪ್ರೀತಿ ತಿಳಿಸು, ಅವರದೇನೂ ತಪ್ಪಿಲ್ಲ. ನಿನಗೆ ತಿಳಿಸುವಂಥದ್ದು ಏನೂ ಉಳಿದಿಲ್ಲ.

ನಿನ್ನ ತಂಗಿ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಒಂದು ಮಾತು. ಟ್ಯಾಬ್ಲೆಟ್ ಓದುವುದು ನಿನ್ನ ದನಿಯಲ್ಲೇ ತಾನೇ, ನೀನೇ ಆಸೆಪಟ್ಟು ರೆಕಾರ್ಡ್ ಮಾಡಿಸಿದ್ದು? ಹೊಸದಕ್ಕೂ ಅದನ್ನೇ ಹಾಕಿದ್ದೆ. ಇವತ್ತು ಬೆಳಿಗ್ಗೆ ಅಪ್ಪ ಒಂದೊಂದೇ ಅಕ್ಷರ ಒತ್ತಿ, "ಇವನ ದನಿ ತೆಗಿ" ಎಂದು ಬರೆದರು. ಅದನ್ನೂ ನಿನ್ನ ದನಿಯೇ ಓದಿತು. ತೆಗೆದಿದ್ದೇನೆ.