ಎರಡನೇ ನಂಬರಿನ ಕಾಗದ

ನಂ. 2

ನಂಜನಗೂಡು
16 ನವೆಂಬರ್ 2025, ಭಾನುವಾರ

ಮಗು ನಂದಿತಾ,

ಹಡಗಿನ ಕ್ಯಾಪ್ಟನಮ್ಮನಿಗೆ ಅಮ್ಮನ ಆಶೀರ್ವಾದ. ನಾನು ಚೆನ್ನಾಗಿದ್ದೇನೆ, ನನ್ನ ಮಂಡಿನೋವೂ ಚೆನ್ನಾಗಿದೆ. ಮೇಲೆ ನಂ. 2 ಅಂತ ಇರುವುದನ್ನು ನೋಡಿ ಒಂದನೆಯದು ಎಲ್ಲಿ ಅಂತ ಹುಡುಕಬೇಡ. ಕೊನೆಯಲ್ಲಿ ಹೇಳುತ್ತೇನೆ. ಮೊದಲೇ ಕೊನೆ ಪುಟ ಓದುವ ನಿನ್ನ ಚಾಳಿ ಇವತ್ತೊಂದು ದಿನ ಬೇಡ.

ತಡವಾಗಿದ್ದಕ್ಕೆ ಬೈಕೋಬೇಡ. ‘ನನ್ನ ಕೈಗೆ ಒಂದು ಹಡಗು ಕೊಟ್ರು ಅಮ್ಮಾ’ ಅಂತ ನೀನು ಫೋನ್ ಮಾಡಿ ಮೂರು ವಾರವಾಯಿತು. ಆವತ್ತು ನನ್ನ ಬಾಯಲ್ಲಿ ‘ಸಂತೋಷ, ಊಟ ಆಯ್ತಾ’ ಬಿಟ್ಟು ಬೇರೇನೂ ಬರಲಿಲ್ಲ. ಫೋನ್ ಇಟ್ಟಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ಕುಣಿದೆ. ಅರವತ್ತಾರು ವರ್ಷದ ರಿಟೈರ್ಡ್ ಟೀಚರ್ ಕುಣಿದದ್ದನ್ನು ಹಾಲು ನೋಡಿತು, ಉಕ್ಕಿ ಚೆಲ್ಲಿತು. ಆದರೆ ಫೋನಿನ ಕೊನೆಗೆ ನೀನು ಒಂದು ಮಾತು ಅಂದೆ: ‘ಅಪ್ಪ ಇದ್ದಿದ್ರೂ ಮಾತಾಡ್ತಿರ್ಲಿಲ್ಲ ಬಿಡಮ್ಮ. ನಾನು ನೇವಿಗೆ ಸೇರಿದ ದಿನದಿಂದ ಸಾಯೋವರೆಗೂ ಮಾತಾಡ್ಲಿಲ್ಲವಲ್ಲ.’ ಆ ಮಾತಿಗೆ ಉತ್ತರ ಕೊಡಬೇಕು ಅಂತಲೇ ಈ ಕಾಗದ. ಅದಕ್ಕೂ ಮುಂಚೆ ನಗುವ ಸುದ್ದಿ ಹೇಳಿಬಿಡುತ್ತೇನೆ.

ನೀನು ದೀಪಾವಳಿಗೆ ಕಳಿಸಿದ ಪುಸ್ತಕ, ಆ ಇಂಗ್ಲಿಷ್ ಕ್ಯಾಪ್ಟನ್ ಥಾಮಸ್ ತನ್ನ ಹೆಂಡತಿ ಸಾರಾಗೆ ಬರೆದ ಕಾಗದಗಳು, ನಮ್ಮ ಬೀದಿಯನ್ನೇ ಹಿಡಿದುಕೊಂಡಿದೆ. ಮೂವತ್ತು ವರ್ಷ ನೆಪೋಲಿಯನ್ ಪಾಠ ಮಾಡಿದೆ. ಅವನ ಹಡಗುಗಳು ಬಂದರು ಬಿಟ್ಟು ಬರದ ಹಾಗೆ ಹೊರಗೆ ಎರಡೂವರೆ ವರ್ಷ ಈ ಥಾಮಸ್ ಥರ ಕಾವಲು ನಿಂತವರಿಗೂ ಹೆಂಡತಿ ಮಕ್ಕಳಿದ್ದರು ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಮಧ್ಯಾಹ್ನ ಮೂರಕ್ಕೆ ನಮ್ಮ ಜಗುಲಿಯಲ್ಲಿ ಕೂತು ಕನ್ನಡ ಮಾಡಿ ಓದುತ್ತೇನೆ. ನಮ್ಮ ಸ್ಕೂಲಿನಲ್ಲಿ ಬಿಸಿಯೂಟ ಮಾಡುತ್ತಿದ್ದ ಮಹದೇವಮ್ಮ ತಪ್ಪದೆ ಬರುತ್ತಾಳೆ. ಹಡಗಿನವರು ಹುಳ ಬಿದ್ದ ಬಿಸ್ಕತ್ತನ್ನು ಮೇಜಿಗೆ ಕುಟ್ಟಿ ಕೊಡವಿ ತಿಂದರು ಅಂತ ಓದಿದ ದಿನ ಅವಳ ಕಣ್ಣಲ್ಲಿ ನೀರು. ‘ನಮ್ ನಂದಿತಮ್ಮಂಗೂ ಇಂಗೇ ಕೊಡ್ತಾರಾ ಮೇಡಮ್ಮೋರೆ?’ ಅಂದಳು. ಜೊತೆಗೆ ಬರುತ್ತಿರುವ ಡಬ್ಬದಲ್ಲಿರುವ ಕೋಡುಬಳೆ ಅವಳದು.

ಅಷ್ಟಕ್ಕೆ ನಿಲ್ಲಲಿಲ್ಲ. ಐವತ್ತಾರನೇ ಕಾಗದದಲ್ಲಿ ಕ್ಯಾಪ್ಟನ್‌ಗೆ ವಿಷಮಶೀತ ಜ್ವರ. ಅವನು ಸತ್ತೇ ನೂರೈವತ್ತು ವರ್ಷ ಮೇಲಾಯಿತು ಅಂದೆ. ‘ಈಗ್ ತಾನೆ ಜರ ಬಂದದೆ ಅಂದ್ರಲ್ಲ?’ ಅಂತ ನನ್ನನ್ನು ಎಳೆದುಕೊಂಡು ನಂಜುಂಡೇಶ್ವರನ ಗುಡಿಗೇ ಹೋದಳು, ಅರ್ಚನೆಗೆ. ಅರ್ಚಕರು ಕೇಳಿದರು, ‘ಹೆಸರು?’ ‘ಥಾಮಸ್ಸು.’ ಅವರು ಒಮ್ಮೆ ನನ್ನ ಮುಖ ನೋಡಿದರು. ‘ನಕ್ಷತ್ರ?’ ನಾನು ನೆಲ ನೋಡಿದೆ. ಮಹದೇವಮ್ಮ ಮಾತ್ರ ಅಂಜಲಿಲ್ಲ. ‘ನಕ್ಸತ್ರ ನೋಡ್ಕಂಡೇ ದಾರಿ ಇಡಿಯೋನು ಸ್ವಾಮಿ ಅವ್ನು. ಎಲ್ಲಾ ನಕ್ಸತ್ರನೂ ಅವ್ನವೇ, ಮಾಡಿ!’ ಅರ್ಚಕರು ನಗು ತಡೆದುಕೊಂಡು ಮಾಡಿದರು. ಆಮೇಲೆ ನಾನು ನಿನ್ನ ಹೆಸರನ್ನೂ ಹೇಳಿದೆ. ಮಾರನೇ ದಿನ ಐವತ್ತೇಳನೇ ಕಾಗದ ಓದಿದರೆ ಜ್ವರ ಬಿಟ್ಟಿದೆ! ಮಹದೇವಮ್ಮ ಬೀದಿಗೆಲ್ಲ ಪ್ರಸಾದ ಹಂಚಿದಳು.

ನೀರಿನ ಮೇಲೆ ಇರುವುದು ಹೇಗೆ ಅಂತ ತಿಳಿಯಬೇಕಲ್ಲ, ಹೋದ ಭಾನುವಾರ ಇಬ್ಬರೂ ತಿ. ನರಸೀಪುರಕ್ಕೆ ಬಸ್ ಹತ್ತಿದೆವು. ಸಂಗಮದಲ್ಲಿ ಚಾಮಯ್ಯ ಅಂತ ಒಬ್ಬರ ತೆಪ್ಪ. ನಡುಹೊಳೆಯಲ್ಲಿ ನಾನು ಕ್ಯಾಪ್ಟನ್ ಥರ ಎದ್ದು ನಿಂತೆ. ‘ಕೂತ್ಕಳವ್ವಾ! ನೀನ್ ಬೀಳದ್ ಬೀಳ್ತೀಯ, ನನ್ನೂ ಕೆಡವ್ತೀಯ!’ ಅಂತ ಆತ ಕೂಗಿದ್ದಕ್ಕೆ ಧೊಪ್ಪನೆ ಕೂತೆ, ಮಹದೇವಮ್ಮನ ತೊಡೆಯ ಮೇಲೆ. ನನ್ನ ಮಗಳು ಹಡಗು ನಡೆಸುತ್ತಾಳೆ, ಕೈಕೆಳಗೆ ಐವತ್ತು ಜನ ಅಂದೆ. ಆತ ಯೋಚಿಸಿ, ‘ಅಂಗಾದ್ರೆ ಉಟ್ಟು ಆಕೋರು ಎಷ್ಟ್ ಜನವ್ವಾ?’ ಅಂದರು. ಹುಟ್ಟು ಹಾಕುವವರೇ ಇಲ್ಲ, ಎಂಜಿನ್ ಇದೆ ಅಂದಮೇಲೆ ಸ್ವಲ್ಪ ಬೇಜಾರಾದ ಹಾಗಿತ್ತು. ‘ಬಂದಾಗ ಕರ್ಕಂಬನ್ನಿ, ಒಂದ್ಸಲ ನನ್ ತೆಪ್ಪಾನೂ ಓಡ್ಸ್ಲಿ’ ಅಂದಿದ್ದಾರೆ.

ಈಗ ನಂಬರಿನ ವಿಷಯ. ಕಾಗದಗಳು ದಾರಿಯಲ್ಲಿ ಹಿಂದು ಮುಂದಾಗುತ್ತಿದ್ದವು, ಕಳೆದೂ ಹೋಗುತ್ತಿದ್ದವು. ಹಾಗಾಗಿ ಕ್ಯಾಪ್ಟನ್ ಪ್ರತಿಯೊಂದಕ್ಕೂ ನಂಬರ್ ಹಾಕುತ್ತಿದ್ದ. ಪುಸ್ತಕದಲ್ಲಿ ಅರವತ್ತೊಂದನೇ ಕಾಗದ ಇಲ್ಲ. ಅರವತ್ಮೂರರಲ್ಲಿ ಅವನು, ‘ಅರವತ್ತೊಂದರಲ್ಲಿ ನಾನು ಕ್ಷಮೆ ಕೇಳಿದರೂ ನೀನು ಒಂದು ಮಾತು ಬರೆಯಲಿಲ್ಲ’ ಅಂತ ಹೆಂಡತಿ ಮೇಲೆ ಮುನಿಸಿಕೊಂಡಿದ್ದಾನೆ. ಮಹದೇವಮ್ಮ ಎದ್ದೇ ನಿಂತಳು. ‘ಅವ್ಳೇನ್ ಮಾಡಾಳು? ಕಾಗ್ದನೇ ಓಗಿಲ್ವಲ್ಲ! ಯಾರೋ ಎತ್ತಿಟ್ಕಂಡವ್ರೆ. ಅಂಥೋರ್ಗೆ ಒಳ್ಳೇದಾಯ್ತದಾ ಮೇಡಮ್ಮೋರೆ?’ ಕನ್ನಡಕ ಮಂಜಾಗಿದೆ ಅಂತ ಹೇಳಿ ನಾನು ಆವತ್ತು ಪುಸ್ತಕ ಮುಚ್ಚಿದೆ.

ನಿನ್ನ ಹಡಗು, ಅದರಲ್ಲಿರುವ ಐವತ್ತು ತಾಯಂದಿರ ಮಕ್ಕಳು, ಎಲ್ಲರನ್ನೂ ಶ್ರೀಕಂಠ ಕಾಯಲಿ. ನಿನಗೆ ಆಜ್ಞೆ ಕೊಡುವ ಗತ್ತು ಬರಲಿ, ಕೊಟ್ಟಮೇಲೆ ನಗುವ ಮನಸ್ಸೂ ಉಳಿಯಲಿ. ಮುಂದಿನ ಪುಟ ಓದಿ ಸಿಟ್ಟು ಬಂದರೂ ಊಟ ಬಿಡಬೇಡ.

ನಿನ್ನ ಅಮ್ಮ,
ಚನ್ನಾಜಮ್ಮ

ವಿ.ಸೂ.: ಲಕೋಟೆಯೊಳಗೆ ಇನ್ನೊಂದು ಲಕೋಟೆ ಇದೆ. ಅದರ ಮೇಲಿರುವುದು ನಿಮ್ಮಪ್ಪನ ಅಕ್ಷರ. ನೀನು ಟ್ರೈನಿಂಗ್‌ನಲ್ಲಿದ್ದಾಗ ಬರೆದದ್ದು. ‘ಫೋನಲ್ಲಿ ಹೇಳೋಕೆ ನಾಲಿಗೆ ಏಳ್ತಿಲ್ಲ ಕಣೇ. ತಪ್ಪಾಯ್ತು ಅಂತ ಬರ್ದಿದೀನಿ, ಟ್ರೈನಿಂಗ್ ಮುಗಿಯೋ ದಿನದ ಪರೇಡಿಗೂ ಬತ್ತೀನಿ ಅಂತ ಬರ್ದಿದೀನಿ, ಪೋಸ್ಟ್ ಮಾಡು’ ಅಂತ ನನ್ನ ಕೈಗೆ ಕೊಟ್ಟರು. ನಾನು ಮಾಡಲಿಲ್ಲ. ಅವರ ಸಿಟ್ಟು ಇಳಿದುಬಿಟ್ಟರೆ ನೀನು ವಾಪಸ್ ಬರುವುದೇ ಇಲ್ಲ ಅಂತ ಹೆದರಿ, ಬೀರುವಿನಲ್ಲಿ ಸೀರೆ ಕೆಳಗೆ ಇಟ್ಟೆ. ನಿನ್ನನ್ನು ಸಮುದ್ರಕ್ಕೆ ಕಳಿಸಲು ಒಪ್ಪದವಳು ನಾನು, ನಂದಿತಾ. ಬೈಸಿಕೊಂಡವರು ಅವರು. ಹದಿನೆಂಟು ದಿನ ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಜಗುಲಿಯಲ್ಲಿ ಕೂತಿರುತ್ತಿದ್ದರು. ಹತ್ತೊಂಬತ್ತನೇ ದಿನ ಎದೆನೋವು ಬಂತು. ಆಸ್ಪತ್ರೆಯಲ್ಲೂ ‘ಮಗು ಕಾಗದ ಬಂತಾ’ ಅಂದರು. ನಾಳೆ ಬರುತ್ತೆ ಅಂದೆ.

ಹನ್ನೊಂದು ವರ್ಷವಾಯಿತು, ಅಂಟು ಬಿಚ್ಚಿಲ್ಲ. ಅದರ ಮೇಲೆ ಇವತ್ತು ಪೆನ್ಸಿಲಿನಲ್ಲಿ ನಂ. 1 ಅಂತ ಬರೆದಿದ್ದೇನೆ. ನನಗೆ ಯಾವಾಗ ಬೇಕಾದರೂ ಬರೆ, ಬರೆಯದೆಯೂ ಇರು. ಅವರಿಗೆ ಮಾತ್ರ ಉತ್ತರ ಬರೆ. ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಜಗುಲಿಯಲ್ಲಿ ನಾನು ಕೂತಿರುತ್ತೇನೆ.