ನೀರಿನಿಂದ ಬಂದ ಬೊಟ್ಟು

ಸೆಪ್ಟೆಂಬರ್ 6, ಶನಿವಾರ

ಇಂದೂ ಮೊಣಕಾಲುದ್ದ ನೀರು. ಸಿಕ್ಕಿದ್ದು ಬಾಟಲ್ ಮುಚ್ಚಳ, ಯಾರದೋ ಗಣಪತಿಯ ತಂತಿ, ತುಕ್ಕು ಹಿಡಿದ ಕುಡುಗೋಲು. ಅಮ್ಮನ ಮಾಂಗಲ್ಯ ಇಲ್ಲ.

ಹಬ್ಬದ ದಿನ ಸರ ಬಿಚ್ಚಿ ಗೌರಿಗೆ ಹಾಕಿ, ತಾನು ಅರಿಶಿನದ ಕೊಂಬು ಕಟ್ಟಿಕೊಂಡಳು. ವಾಪಸ್ ತೆಗೆಯುವುದನ್ನು ಮರೆತಳು. ತಮ್ಮ ಬೈರೇಶ ಗೌರಿ, ಗಣೇಶ ಇಬ್ಬರನ್ನೂ ಮಧುರೆ ಕೆರೆಗೆ ಬಿಟ್ಟು ಬಂದ. ಸೆಲ್ಫಿ ಬೇರೆ! ಈಗ ಅಮ್ಮನದು ಒಂದೇ ಹಠ: "ಮಾಂಗಲ್ಯ ನೀರಲ್ಲಿ ಬಿಟ್ಟು ನಿಮ್ಮಪ್ಪನ್ನ ಆಪರೇಷನ್‌ಗೆ ಕಳಿಸಲ್ಲ ಕಣೇ." ಅಪ್ಪನೂ ಅವಳ ಪಾರ್ಟಿಯೇ. ಹಾರ್ಟ್ ಯಾರ ಪಾರ್ಟಿ ಅಂತ ಯಾರೂ ಕೇಳುತ್ತಿಲ್ಲ. ಹನ್ನೆರಡಕ್ಕೆ ಡೇಟ್ ಕೊಟ್ಟಿದ್ದಾರೆ.

ಸೆ. 7

ಗ್ರಹಣವಂತೆ. ನೀರಿಗಿಳಿಯಲು ಬಿಡಲಿಲ್ಲ.

ಸೆ. 9, ಬೆಳಿಗ್ಗೆ 11

ತೊಡೆಯುದ್ದಕ್ಕೆ ಹೋದೆ. ಮೆಟಲ್ ಡಿಟೆಕ್ಟರ್ ಬೈರೇಶನದು, ಆನ್‌ಲೈನ್‌ನಲ್ಲಿ ತರಿಸಿದ್ದು. ಹೆಡ್‌ಫೋನ್‌ಗೆ ವೈರ್ ಇಲ್ಲ. ದಡದಿಂದಲೇ ಪಾಠ: "ಅಕ್ಕ, ಹಿಡಿ ಮೇಲಿನ ಬಾಕ್ಸ್ ಮುಳುಗಿಸ್ಬೇಡ. ನೀರೊಳಗಿಂದ ಬ್ಲೂಟೂತ್ ಬರಲ್ಲ, ಸೌಂಡು ಕಟ್ಟಾಗ್ಬಿಡುತ್ತೆ."

ಹಾಗೇ ಆಯಿತು. ಬಾಕ್ಸ್ ಮುಳುಗಿದೊಡನೆ ಕಿವಿ ಖಾಲಿ. ಆಮೇಲೆ... ಬಂತು. ಎಂದಿನ ಪೀಂ ಅಲ್ಲ. ತೆಳ್ಳಗೆ ಎಳೆದ ದನಿ. ಬಾಕ್ಸ್ ಎತ್ತಿದರೆ ನಿಲ್ಲುತ್ತದೆ, ಮುಳುಗಿಸಿದರೆ ಶುರು. ಬೈರೇಶನನ್ನು ನೀರಿಗೆ ಕರೆದು ಹೆಡ್‌ಫೋನ್ ಅವನ ಕಿವಿಗೆ ಹಾಕಿದೆ.

"ಏನೂ ಇಲ್ವಲ್ಲಕ್ಕ."

ಭಯವಾಯಿತು. ಬಂದುಬಿಟ್ಟೆ.

ಸೆ. 11

ನಾಳೆ ಆಪರೇಷನ್. ಅಮ್ಮ ಸೈನ್ ಹಾಕಿಲ್ಲ. ಭಯಪಡಲು ನನಗೆಲ್ಲಿ ಪುರುಸೊತ್ತು? ಇಳಿದೆ. ಎದೆಮಟ್ಟ ನೀರು. ದನಿ ಮುಂದೆ ಮುಂದೆ, ನಾನು ಹಿಂದೆ. ಬೈರೇಶ ಕೂಗುತ್ತಲೇ ಇದ್ದನಂತೆ, ನನಗೆ ಕೇಳಲಿಲ್ಲ. ಒಂದು ಕಡೆ ದನಿ ನಿಂತಿತು. ಮುಳುಗಿ ಕೆಸರಿಗೆ ಕೈಹಾಕಿದೆ. ಹುಡುಕಲೇ ಇಲ್ಲ — ಅಂಗೈಗೆ ಯಾರೋ ಇಟ್ಟ ಹಾಗೆ ಸಿಕ್ಕಿತು. ಎರಡು ತಾಳಿ ಬೊಟ್ಟು. ಸರ ಇಲ್ಲ; ಹರಿದುಹೋಗಿರಬೇಕು.

ಹುಣಸೆಹಣ್ಣು ಹಾಕಿ ತಿಕ್ಕಿದೆ. ಸವೆದಿವೆ ಅನ್ನಿಸಿತು. ಬೊಟ್ಟು ಎಲ್ಲರದೂ ಒಂದೇ ಥರ ಅಲ್ಲವೇ? ಬಾಯಿ ಮುಚ್ಚಿಕೊಂಡೆ.

ಸೆ. 12, ಆಸ್ಪತ್ರೆ

ಅರಿಶಿನದ ದಾರಕ್ಕೆ ಬೊಟ್ಟು ಪೋಣಿಸಿ, ವಾರ್ಡಿನಲ್ಲೇ, ಅಪ್ಪನ ಕೈಯಿಂದಲೇ ಕಟ್ಟಿಸಿದೆವು. ಮೂರು ಗಂಟು. ನರ್ಸ್ ಚಪ್ಪಾಳೆ ತಟ್ಟಿದಳು. ಈ ವಯಸ್ಸಿನಲ್ಲಿ ಅಮ್ಮ ನಾಚಿದಳು! ನನಗೆ ಅಳು ಬಂತು. ಸೈನ್ ಆಯಿತು.

ಸಂಜೆ: ಗೆದ್ದೆವು. ಅಪ್ಪ ಆರಾಮ.

ಸೆ. 20

ಅಪ್ಪ ಮನೆಗೆ ಬಂದರು. ನಾಳೆ ಮಹಾಲಯ ಅಮಾವಾಸ್ಯೆ, ದೇವರ ಮನೆ ತೊಳೆಯುತ್ತಿದ್ದೆ. ನೀರಿಗೆ ಬಿಡುವ ಮುಂಚೆ ಗೌರಿಯ ಮೈಮೇಲಿಂದ ತೆಗೆದಿಟ್ಟಿದ್ದ ರವಿಕೆ ಕಣವನ್ನು ಒದರಿದೆ. ಅಮ್ಮನ ಸರ ಕೆಳಗೆ ಬಿತ್ತು. ಎರಡೂ ಬೊಟ್ಟಿನ ಸಮೇತ.

ಅಮ್ಮನಿಗೆ ತೋರಿಸಿದೆ. ಕತ್ತಿನ ದಾರವನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಒಂದ್ಸಲ ಬಿಚ್ಚಿ ಅನುಭವಿಸಿದ್ದು ಸಾಕು. ಇದನ್ನ ಬಿಚ್ಚಲ್ಲ."

"ಯಾರ್ದೋ ಕಣಮ್ಮ ಅದು!"

"ಕಟ್ಟಿರೋರು ನಿಮ್ಮಪ್ಪ."

ಹೌದು, ಕಟ್ಟಿದ್ದು ಅಪ್ಪ. ಯಾರಿಗೆ?

ಸೆ. 21, ಮಧ್ಯಾಹ್ನ

ತೀರಿಕೊಂಡವರಿಗೆ ಒಳಗೆ ಎಡೆ ಇಟ್ಟಾಯಿತು. ನಡುಮನೆಯಲ್ಲಿ ನಮ್ಮ ಊಟ. ಎಲೆ ಮುಂದೆ ಕುಳಿತ ಅಪ್ಪ ಹೊಸ್ತಿಲ ಕಡೆ ನೋಡಿದರು.

"ಇನ್ನೊಂದ್ ಎಲೆ ಹಾಕಮ್ಮ."

"ಹಿರಿಯರಿಗೆ ಇಟ್ಟಾಯ್ತಲ್ಲಪ್ಪ."

"ಒಳಗಲ್ಲ. ಅವಳ್ಯಾಕೆ ಅಲ್ಲಿ ಕೂರ್ತಾಳೆ? ಇಲ್ಲಿ, ನನ್ ಪಕ್ಕ."

ಅದು ಅಮ್ಮನ ಜಾಗ. ಅಮ್ಮ ಒಂದು ಮಾತೂ ಆಡದೆ ಎದ್ದು ಪಕ್ಕಕ್ಕೆ ಸರಿದಳು.

ಎಲೆ ತರುತ್ತೇನೆಂದು ಅಡುಗೆಮನೆಗೆ ಬಂದು ಇದನ್ನು ಗೀಚುತ್ತಿದ್ದೇನೆ. ಅಲ್ಲಿ ಅಪ್ಪ ಮೆಲ್ಲಗೆ ಹೇಳುತ್ತಿದ್ದಾರೆ: "ತಲೆ ಒರೆಸ್ಕೊಂಡು ಕೂತ್ಕೋ. ಬಡಿಸ್ತಾಳೆ, ನಮ್ ಮಗಳೇ..."

ಎಲೆ ತೆಗೆದುಕೊಂಡು ಹೋಗಬೇಕು. ಅಮ್ಮ ಯಾಕೆ ಏನೂ